ಮೆಟ್ಟಿಲುಗಳಿಲ್ಲದ ವಾದ್ಯಕ್ಕೆ ಗುರುವನ್ನು ಅರಸಿ

ಕಳೆದ ವರ್ಷದ ಜೂನ್ ತಿಂಗಳಲ್ಲಿ, ಶಾಲೆಗಳು ಮರಳಿ ತೆರೆದು ಎರಡು ವಾರಗಳಾಗಿದ್ದಾಗ, ಮೈಸೂರಿನಲ್ಲಿ ನೆಲೆಸಿರುವ ನನ್ನ ತಂಗಿ ಒಂದು ಸಂಜೆ ದೂರವಾಣಿಯಲ್ಲಿ ಮಾತನಾಡುತ್ತ, "ಅಣ್ಣಾ, ಇವಳು ಪಿಟೀಲು ಕಲೀಲೇಬೇಕು ಅಂತ ಹಟ ಹಿಡಿದಿದ್ದಾಳೆ. ನೀನು ಇಷ್ಟು ವರ್ಷ ಕಛೇರಿ ಕೇಳ್ಕೊಂಡು ಬಂದಿದ್ದೀಯಲ್ಲ, ಯಾರಾದರೂ ಒಳ್ಳೇವರನ್ನ ನೋಡಿಕೊಡು" ಎಂದಳು. ಏಳನೆಯ ತರಗತಿಗೆ ಆಗತಾನೆ ಕಾಲಿಟ್ಟಿದ್ದ ಅವಳ ಮಗಳಿಗೆ ಹನ್ನೆರಡು ವರ್ಷ. ಕಛೇರಿ ಕೇಳುವುದು ಒಂದು ವಿದ್ಯೆ, ಕಲಿಸಬಲ್ಲವರನ್ನು ಗುರುತಿಸುವುದು ಇನ್ನೊಂದು ವಿದ್ಯೆ ಎಂಬುದು ನನಗೆ ಆ ಹೊತ್ತಿನಲ್ಲಿ ತೋರಲಿಲ್ಲ. ಹತ್ತು ಜನರನ್ನು ವಿಚಾರಿಸಿದರೆ ಒಂದು ವಾರದಲ್ಲಿ ಮುಗಿಯುವ ಕೆಲಸವೆಂದು ಭಾವಿಸಿ ಒಪ್ಪಿಕೊಂಡೆನು. ಅದು ಗೌರಿಹಬ್ಬದವರೆಗೆ ಎಳೆಯಿತು. ಆ ಅವಧಿಯಲ್ಲಿ ನಾನು ಕಂಡುದನ್ನೂ, ಕಂಡುದರಿಂದ ತಿಳಿದುದನ್ನೂ, ಇಂಥದೇ ಹಟ ಹಿಡಿದ ಮಕ್ಕಳ ತಂದೆತಾಯಂದಿರಿಗೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ವಾದ್ಯದ ಸ್ವಭಾವವನ್ನು ಅರಿಯಬೇಕು. ವೀಣೆಯ ದಂಡಿಯ ಮೇಲೆ ಮೇಣದಲ್ಲಿ ಕೂರಿಸಿದ 24 ಮೆಟ್ಟಿಲುಗಳುಂಟು, ಹಾರ್ಮೋನಿಯಮ್ಮಿಗೆ ಮನೆಗಳುಂಟು, ಬೆರಳನ್ನು ಅಲ್ಲಿಟ್ಟರೆ ಸ್ವರ ಬಹುಮಟ್ಟಿಗೆ ತನ್ನ ಸ್ಥಾನದಲ್ಲಿಯೇ ನುಡಿಯುತ್ತದೆ. ಪಿಟೀಲಿನಲ್ಲಿ ಬೆರಳೂರುವ ಕರಿಯ ಪಟ್ಟಿಯ ಮೇಲೆ ಯಾವ ಗುರುತೂ ಇಲ್ಲ. ಪೂರ್ಣ ಅಳತೆಯ ಪಿಟೀಲಿನಲ್ಲಿ ನುಡಿಯುವ ತಂತಿಯ ಉದ್ದ ಸುಮಾರು 33 ಸೆಂಟಿಮೀಟರು. ಆ ತಂತಿಯನ್ನು ಷಡ್ಜಕ್ಕೆ ಕಟ್ಟಿದರೆ ಅದರ ಮೇಲೆ ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ ನಡುವೆ ಇರುವ ಅಂತರ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಬೆರಳು ಎರಡು ಮಿಲಿಮೀಟರು ಜಾರಿದರೂ ಬಲ್ಲವರ ಕಿವಿ ಅದನ್ನು ಹಿಡಿಯುತ್ತದೆ. ತಂತಿಯಲ್ಲಿ ಮೇಲೇರಿದಂತೆಲ್ಲ ಈ ಅಂತರಗಳು ಇನ್ನೂ ಕಿರಿದಾಗುತ್ತ ಹೋಗುತ್ತವೆಯಾದ್ದರಿಂದ, ಕೆಳಗೆ ಕಲಿತ ಅಳತೆ ಮೇಲೆ ಸಲ್ಲುವುದಿಲ್ಲ. ಹೀಗೆ ಕಣ್ಣಿಗೆ ಆಸರೆಯಿಲ್ಲದ, ಬೆರಳಿಗೆ ತಡೆಯಿಲ್ಲದ ಈ ವಾದ್ಯದಲ್ಲಿ ದಾರಿ ತೋರಿಸಬಲ್ಲದ್ದು ಕಿವಿಯೊಂದೇ. ಮಗುವಿನ ಕಿವಿ ಬಲಿಯುವವರೆಗೆ ಅದು ಗುರುವಿನ ಕಿವಿಯನ್ನು ಎರವಲು ಪಡೆದು ನಡೆಯಬೇಕು. ಪಿಟೀಲಿನ ಗುರುವನ್ನು ಅರಸುವವರು ಮುಖ್ಯವಾಗಿ ಅರಸುತ್ತಿರುವುದು ಒಂದು ಒಳ್ಳೆಯ ಕಿವಿಯನ್ನು, ಮತ್ತು ಆ ಕಿವಿಯನ್ನು ಇನ್ನೊಬ್ಬರಲ್ಲಿ ಮೂಡಿಸಬಲ್ಲ ತಾಳ್ಮೆಯನ್ನು.

ಇದರೊಡನೆ ವಯಸ್ಸಿನ ಮಾತನ್ನೂ ಸೇರಿಸಿಕೊಳ್ಳಬೇಕು. ಆರು ವರ್ಷದ ಮಗು ಕಮಾನನ್ನು ತಂತಿಯ ಮೇಲೆ ಉಜ್ಜಿ ಎಂತಹ ಕರ್ಕಶ ಶಬ್ದವನ್ನು ಎಬ್ಬಿಸಿದರೂ ತಾನೊಂದು ಶಬ್ದವನ್ನು ಮಾಡಿದೆನೆಂಬ ಸಂತೋಷದಲ್ಲಿಯೇ ಇರುತ್ತದೆ. ಹನ್ನೊಂದರಿಂದ ಹದಿನಾಲ್ಕರವರೆಗಿನ ಮಕ್ಕಳ ಸ್ಥಿತಿ ಬೇರೆ. ಒಳ್ಳೆಯ ನಾದ ಹೇಗಿರುತ್ತದೆಂಬುದು ಅವರಿಗೆ ಆಗಲೇ ಗೊತ್ತು. ತಮ್ಮ ಕೈಯಿಂದ ಹೊರಡುತ್ತಿರುವುದು ಅದಲ್ಲವೆಂಬುದೂ ಗೊತ್ತು. ಈ ಎರಡರ ನಡುವಣ ಅಂತರ ಅವರನ್ನು ಒಳಗೊಳಗೇ ನೋಯಿಸುತ್ತದೆ. ನನ್ನ ಸೊಸೆ, ಎಂದರೆ ಈ ತಂಗಿಯ ಮಗಳು, ಗೆಳತಿಯೊಬ್ಬಳ ಪಿಟೀಲನ್ನು ಮೊದಲು ಮನೆಗೆ ತಂದ ದಿನ ಕೋಣೆಯ ಬಾಗಿಲನ್ನು ಹಾಕಿಕೊಂಡು, ಕಿಟಕಿಯನ್ನೂ ಮುಚ್ಚಿಕೊಂಡು ನುಡಿಸಿದಳಂತೆ. ಕಿವಿಯೂ ಸಂಕೋಚವೂ ಒಟ್ಟಿಗೆ ಎಚ್ಚರಗೊಳ್ಳುವ ಈ ಪ್ರಾಯದಲ್ಲಿ ಗುರುವಿನ ಒಂದು ಕಟುವಾದ ಮಾತು ಮಗುವನ್ನು ವಾದ್ಯದಿಂದ ಶಾಶ್ವತವಾಗಿ ದೂರಮಾಡಬಲ್ಲುದು. ಹಾಗೆಯೇ ಅಕಾಲದ ಹೊಗಳಿಕೆಯನ್ನು ಅದು ಸುಳ್ಳೆಂದು ತಕ್ಷಣವೇ ಗ್ರಹಿಸಬಲ್ಲುದು.

ನಾವು ಮೊದಲು ಹೋದದ್ದು ಊರಿನ ಹೊಸ ಬಡಾವಣೆಯೊಂದರಲ್ಲಿ ತುಂಬ ಹೆಸರಾಗಿದ್ದ ಒಂದು ತರಗತಿಗೆ. ಅಚ್ಚುಕಟ್ಟಾದ ಕೋಣೆ, ಗೋಡೆಯ ತುಂಬ ಬಹುಮಾನಗಳು, ಜಮಖಾನದ ಮೇಲೆ ಸಾಲಾಗಿ ಕುಳಿತ ಎಂಟು ಮಕ್ಕಳು. ಗುರುಗಳು ವಿನಯವಂತರು; ಆರು ತಿಂಗಳಿಗೆ ವರ್ಣ, ಒಂದೂವರೆ ವರ್ಷಕ್ಕೆ ಜೂನಿಯರ್ ಪರೀಕ್ಷೆ ಎಂದು ಲೆಕ್ಕವನ್ನು ಬಿಡಿಸಿ ಹೇಳಿದರು. ಪ್ರತಿಯೊಂದು ಪಿಟೀಲಿನ ಪಟ್ಟಿಯ ಮೇಲೂ ಬಣ್ಣಬಣ್ಣದ ಅಂಟುಪಟ್ಟಿಗಳನ್ನು ಹಚ್ಚಿ ಸ್ವರಸ್ಥಾನಗಳನ್ನು ಗುರುತುಮಾಡಿದ್ದರು. ಇಂತಹ ಗುರುತುಗಳಿಂದ ಮೊದಲ ಕೆಲವು ವಾರಗಳಲ್ಲಿ ಎಳೆಯ ಬೆರಳುಗಳಿಗೆ ಅನುಕೂಲವಾಗುವುದುಂಟು. ಎಷ್ಟೋ ಜನ ಒಳ್ಳೆಯ ಗುರುಗಳೂ ಅವನ್ನು ಹಚ್ಚುತ್ತಾರೆ. ಆದರೆ ನಾನು ಗಮನಿಸಿದ ಸಂಗತಿ ಬೇರೆ. ತುದಿಯಲ್ಲಿ ಕುಳಿತಿದ್ದ ಹುಡುಗನ ಪಿಟೀಲಿನಲ್ಲಿ ಬಿರಡೆ ಸಡಿಲಗೊಂಡು ಪಂಚಮದ ತಂತಿ ಕಾಲು ಸ್ವರದಷ್ಟು ಇಳಿದುಹೋಗಿತ್ತು. ಅವನ ಬೆರಳುಗಳು ನೀಲಿ ಪಟ್ಟಿಯ ಮೇಲೆ, ಹಳದಿ ಪಟ್ಟಿಯ ಮೇಲೆ, ಕೂದಲೆಳೆಯಷ್ಟೂ ತಪ್ಪದೆ ಬೀಳುತ್ತಿದ್ದವು. ನುಡಿದ ಸ್ವರ ಮಾತ್ರ ಒಂದೂ ಶ್ರುತಿಗೆ ಸೇರುತ್ತಿರಲಿಲ್ಲ. ಎರಡು ವರ್ಷದಿಂದ ಕಲಿಯುತ್ತಿದ್ದ ಆ ಬಾಲಕನ ಮುಖದಲ್ಲಿ ಏನೋ ತಪ್ಪಿದೆಯೆಂಬ ಛಾಯೆಯೂ ಕಾಣಲಿಲ್ಲ. ಎಂಟು ಪಿಟೀಲುಗಳ ಸದ್ದಿನಲ್ಲಿ ಗುರುಗಳಿಗೂ ಅದು ಕೇಳಿಸಲಿಲ್ಲ. ನಾವು ಹೊರಗೆ ಬಂದು ಆಟೋ ಹತ್ತಿದ ಮೇಲೆ ಹುಡುಗಿ, "ಮಾಮಾ, ಆ ಹುಡುಗನ ಪಿಟೀಲು ಯಾಕೆ ಹಾಗೆ ಅಳ್ತಿತ್ತು?" ಎಂದು ಕೇಳಿದಳು. ಅವಳಿಗೆ ಕೇಳಿಸಿದೆ ಎಂಬುದನ್ನು ತಿಳಿದು ನನಗೆ ಉಂಟಾದ ಸಂತೋಷ ಅಷ್ಟಿಷ್ಟಲ್ಲ.

ಎರಡನೆಯವರು ವೇದಿಕೆಯ ಮೇಲೆ ನಾನು ಹಲವು ಸಲ ಕೇಳಿ ಆನಂದಿಸಿದ್ದ ವಿದ್ವಾಂಸರು. ಅವರು ನಮ್ಮನ್ನು ಆದರದಿಂದ ಕುಳ್ಳಿರಿಸಿಕೊಂಡು, ಧನುರ್ಮಾಸದಲ್ಲಿ ತಾವು ಚೆನ್ನೈ ಬಿಟ್ಟು ಬರುವುದಿಲ್ಲವೆಂದೂ, ವರ್ಷದಲ್ಲಿ ನಾಲ್ಕಾರು ತಿಂಗಳು ಊರಿನಲ್ಲಿಯೇ ಇರುವುದಿಲ್ಲವೆಂದೂ, ಸರಳೆಯನ್ನು ಆರಂಭಿಸುವವರಿಗೆ ತಮ್ಮ ಹಿರಿಯ ಶಿಷ್ಯರೇ ಹೇಳಿಕೊಡುವರೆಂದೂ ಮುಚ್ಚುಮರೆಯಿಲ್ಲದೆ ತಿಳಿಸಿದರು. ಆ ಪ್ರಾಮಾಣಿಕತೆಗೆ ನಾನು ಕೃತಜ್ಞನಾಗಿದ್ದೇನೆ. ದೊಡ್ಡ ವಾದಕರೆಲ್ಲ ಆರಂಭದ ಪಾಠಕ್ಕೆ ಒದಗುವವರಲ್ಲ. ಒದಗಬೇಕೆಂದು ನಾವು ಬಯಸುವುದೂ ನ್ಯಾಯವಲ್ಲ.

ಈ ಸಂದರ್ಭದಲ್ಲಿ ನನಗೆ ಮೈಸೂರಿನದೇ ಒಂದು ಹಳೆಯ ನಿದರ್ಶನ ನೆನಪಾಯಿತು. ತಿರುಮಕೂಡಲು ಚೌಡಯ್ಯನವರ ಹೆಸರನ್ನು ಅರಿಯದ ಕನ್ನಡಿಗರು ವಿರಳ. ಧ್ವನಿವರ್ಧಕಗಳಿಲ್ಲದ ದಿನಗಳಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು ನಾಲ್ಕು ತಂತಿಗಳ ಪಿಟೀಲಿಗೆ ಮೂರನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ನುಡಿಸಿದವರು ಅವರು; 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿಯಾದವರು; ಬೆಂಗಳೂರಿನಲ್ಲಿ ಅವರ ಸ್ಮರಣೆಗೆಂದು ಪಿಟೀಲಿನ ಆಕಾರದಲ್ಲಿಯೇ ಒಂದು ಸಭಾಭವನ ನಿಂತಿದೆ. ಅಂತಹ ಪಿಟೀಲುವಾದಕರನ್ನು ತಿದ್ದಿ ಬೆಳೆಸಿದ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಗಾಯಕರು. ಅರಮನೆಯ ಸಂಗೀತ ವಿದ್ವಾಂಸರಾದ ಅವರು ಹಾಡಿದರು. ಶಿಷ್ಯ ಆ ಹಾಡನ್ನು ತಂತಿಯ ಮೇಲೆ ಹುಡುಕಿ ಹಿಡಿದನು. ಉತ್ತರಾದಿಯ ಸಂಪ್ರದಾಯದಲ್ಲಿಯೂ ಇದೇ ಕಥೆ: ಪಿಟೀಲಿನಲ್ಲಿ ಗಾಯಕಿ ಅಂಗಕ್ಕೆ ಹೆಸರಾದ ಎನ್. ರಾಜಂ ಅವರ ಗುರುಗಳಲ್ಲಿ ಪ್ರಮುಖರಾದ ಪಂಡಿತ ಓಂಕಾರನಾಥ ಠಾಕೂರರು ಗಾಯಕರೇ. ಇನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಅವರ ನಂತರ ಪುಟ್ಟರಾಜ ಗವಾಯಿಗಳೂ ತಮ್ಮಂತೆಯೇ ದೃಷ್ಟಿಯಿಲ್ಲದ ನೂರಾರು ಮಕ್ಕಳಿಗೆ ಸಂಗೀತವನ್ನು ಧಾರೆಯೆರೆದುದನ್ನು ನೆನೆದರೆ, ಬಣ್ಣದ ಪಟ್ಟಿಯನ್ನು ಕಾಣಲಾರದ ಮಗುವೂ ಸ್ವರದ ಸ್ಥಾನವನ್ನು ಕಾಣಬಲ್ಲುದೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಯೂರೋಪಿನಿಂದ ಬಂದ ಈ ವಾದ್ಯವನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರೂ, ತಂಜಾವೂರಿನ ವಡಿವೇಲು ಅವರೂ ನಮ್ಮ ಸಂಗೀತಕ್ಕೆ ಒಗ್ಗಿಸಿಕೊಂಡ ಮೇಲೆ ಅದು ಇಲ್ಲಿಯೇ ಬೇರೂರಿ ನಿಂತುದಕ್ಕೂ ಕಾರಣ ಇದೇ: ಮನುಷ್ಯನ ಕಂಠ ಎಳೆದಂತೆ ಎಳೆಯಬಲ್ಲ, ಜಾರಿದಂತೆ ಜಾರಬಲ್ಲ, ಗಮಕಗಳನ್ನು ಕಂಠದಷ್ಟೇ ನಿರಾಯಾಸವಾಗಿ ಹಿಡಿಯಬಲ್ಲ ಶಕ್ತಿ ಅದಕ್ಕಿದೆ. ಕಂಠದ ಛಾಯೆಯಾಗಿ ಬಾಳುವ ವಾದ್ಯವನ್ನು, ಹಾಡದೆಯೇ ಕಲಿಸುತ್ತೇನೆಂದು ಹೇಳುವವರಲ್ಲಿ ನನಗೆ ಅಂದಿನಿಂದ ನಂಬಿಕೆ ಹೋಯಿತು.

ಮೂರನೆಯವರನ್ನು ನಾವು ಕಂಡದ್ದು ಕೃಷ್ಣಮೂರ್ತಿಪುರದ ಒಂದು ಹಳೆಯ ಹೆಂಚಿನ ಮನೆಯಲ್ಲಿ. ಅವರ ಸುಳಿವು ಸಿಕ್ಕಿದ ಬಗೆಯನ್ನು ಹೇಳಿದರೆ ಇತರರಿಗೂ ದಾರಿಯಾದೀತು. ದೇವಸ್ಥಾನವೊಂದರಲ್ಲಿ ನಡೆದ ಸಣ್ಣ ಕಛೇರಿಯಲ್ಲಿ ಹದಿನೆಂಟು ಹತ್ತೊಂಬತ್ತರ ಯುವಕನೊಬ್ಬ ಪಕ್ಕವಾದ್ಯಕ್ಕೆ ಕುಳಿತಿದ್ದನು. ಗಾಯಕಿಯ ನೆರವಲನ್ನು ಅವನು ಗಟ್ಟಿಸಿ ಮೀರಿಸಲು ಹೋಗದೆ, ನೆರಳಿನಂತೆ ಅನುಸರಿಸುತ್ತಿದ್ದ ರೀತಿ ನನ್ನ ಮನಸ್ಸಿಗೆ ಬಂದಿತು. ಕಛೇರಿ ಮುಗಿದ ಮೇಲೆ ಅವನನ್ನು, "ಮೊದಮೊದಲು ಕಮಾನು ಹಿಡಿಯೋದಕ್ಕೆ ಯಾರಪ್ಪ ಹೇಳಿಕೊಟ್ಟೋರು?" ಎಂದು ಕೇಳಿದೆನು. ಈಗ ಯಾರಲ್ಲಿ ಕಲಿಯುತ್ತಿದ್ದೀಯೆ ಎಂದು ಕೇಳಿದ್ದರೆ ದೊಡ್ಡ ಹೆಸರೊಂದು ದೊರೆಯುತ್ತಿತ್ತು. ಮೊದಲು ಯಾರು ಎಂದು ಕೇಳಿದ್ದರಿಂದ ಈ ಹೆಂಚಿನ ಮನೆಯ ವಿಳಾಸ ದೊರೆಯಿತು.

ಐವತ್ತೈದರ ಆಸುಪಾಸಿನ ಆ ತಾಯಿಯನ್ನು ಮಕ್ಕಳೆಲ್ಲ ಟೀಚರ್ ಎಂದೇ ಕರೆಯುತ್ತಿದ್ದರು. ನಾವು ಹೋದಾಗ ಹತ್ತು ವರ್ಷದ ಬಾಲಕನೊಬ್ಬ ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ಸುರುಳಿಯನ್ನು ಬಲಪಾದದ ಮೇಲೆ ಊರಿಕೊಂಡು ಜಂಟಿವರಸೆಯನ್ನು ನುಡಿಸುತ್ತಿದ್ದನು. ಅವರು ನಮ್ಮನ್ನು ಕುಳಿತುಕೊಳ್ಳುವಂತೆ ಕಣ್ಣಿನಲ್ಲಿಯೇ ಸೂಚಿಸಿ ಪಾಠವನ್ನು ಮುಂದುವರಿಸಿದರು. ಮಾಯಾಮಾಳವಗೌಳದ ಗಾಂಧಾರ ಪ್ರತಿ ಸಲವೂ ಸ್ವಲ್ಪ ಕೆಳಗೇ ನಿಲ್ಲುತ್ತಿತ್ತು. ಅವರು ತಪ್ಪೆನ್ನಲಿಲ್ಲ, ಸರಿಯಾದ ಸ್ವರವನ್ನು ತಾವು ನುಡಿಸಿಯೂ ತೋರಿಸಲಿಲ್ಲ. "ಪಿಟೀಲು ಕೆಳಗಿಡು ಕಂದಾ, ಹಾಡು" ಎಂದರು. ಹುಡುಗ ಹಾಡಿದನು, ಗಾಂಧಾರ ಚೊಕ್ಕವಾಗಿ ಬಂದಿತು. "ಗಂಟಲಿಗೆ ಗೊತ್ತಿದೆ ನೋಡು. ಈಗ ಅದನ್ನೇ ಬೆರಳಿಗೆ ಹೇಳಿಕೊಡು." ಹುಡುಗ ವಾದ್ಯವನ್ನು ಮತ್ತೆ ಎತ್ತಿಕೊಂಡು ಕಣ್ಣು ಮುಚ್ಚಿ ಕಮಾನೆಳೆದನು, ಬೆರಳು ಮೊದಲು ಹಳೆಯ ಜಾಗದಲ್ಲಿಯೇ ಬಿದ್ದು, ಒಂದು ಕ್ಷಣ ತಡೆದು, ಮೆಲ್ಲಗೆ ಮೇಲಕ್ಕೆ ಸರಿದು ನಿಂತಿತು. ಟೀಚರ್ ಅವರ ತಲೆ ಒಂದಿಷ್ಟು ಆಡಿತು. ಹೊಗಳಿಕೆ ಅಷ್ಟೇ. ಆದರೆ ಹುಡುಗನ ಮುಖ ಅರಳಿದ್ದನ್ನು ನನ್ನ ಪಕ್ಕದಲ್ಲಿ ಕುಳಿತಿದ್ದ ನಮ್ಮ ಹುಡುಗಿ ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆನು.

ಆಮೇಲೆ ಅವರು ಅವಳನ್ನು ಹತ್ತಿರ ಕರೆದು ಏನಾದರೂ ಹಾಡೆಂದರು. ಅಜ್ಜಿಯಿಂದ ಕಲಿತಿದ್ದ ದೇವರನಾಮವೊಂದನ್ನು ಅವಳು ನಡುಗುವ ದನಿಯಲ್ಲಿ ಹಾಡಿದಳು. ಕಂಠ ಹೇಗಿದೆಯೆಂದು ಅವರು ಕೇಳುತ್ತಿರಲಿಲ್ಲ, ಹಿಡಿದ ಶ್ರುತಿಯನ್ನು ಕೊನೆಯವರೆಗೆ ಬಿಡದೆ ಬರುವಳೇ ಎಂಬುದನ್ನು ಕೇಳುತ್ತಿದ್ದರೆಂದು ನನಗೆ ಅನ್ನಿಸಿತು. ತಂಗಿಗೆ ಅವರು ಹೇಳಿದ್ದು ಇಷ್ಟು: "ಮೂರು ತಿಂಗಳು ಕಳಿಸಿಕೊಡಿ ಅಮ್ಮ. ಆಮೇಲೆ ಮುಂದುವರಿಸೋದಾ ಬೇಡವಾ ಅಂತ ನನ್ನ ಕೇಳಬೇಡಿ, ಮಗೂನ ಕೇಳಿ."

ಮೊದಲ ಒಂದು ತಿಂಗಳು ಎಡಗೈಗೆ ಕೆಲಸವೇ ಇರಲಿಲ್ಲ. ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮವೆಂದು ಕಟ್ಟಿದ ನಾಲ್ಕು ತಂತಿಗಳ ಮೇಲೆ ಬೆರಳಿಡದೆ, ಎಂಟು ಅಕ್ಷರಕಾಲಕ್ಕೆ ಒಂದು ಕಮಾನಿನಂತೆ ಹೋಗುವುದು, ಬರುವುದು, ಹೋಗುವುದು, ಬರುವುದು. ತಂಗಿಗೆ ಇದು ಕಾಲಹರಣವೆಂದು ತೋರಿ, "ಇನ್ನೂ ಸರಳೇನೇ ಶುರುಮಾಡಿಲ್ಲವಲ್ಲ ಅಣ್ಣಾ" ಎಂದು ಪೇಚಾಡಿಕೊಂಡಳು. ಪಿಟೀಲು ಕಲಿಯುವವರ ಎಡಗೈಯನ್ನು ನೋಡುವುದು ನಮ್ಮೆಲ್ಲರ ರೂಢಿ. ನಾದ ಹುಟ್ಟುವುದು ಬಲಗೈಯಲ್ಲಿ. ಕಮಾನಿನ ಕುದುರೆಕೂದಲಿಗೆ ಉಜ್ಜಿದ ರಾಳ ತಂತಿಯನ್ನು ಅಂಟಿ ಹಿಡಿದು ಎಳೆಯುತ್ತದೆ. ಎಳೆತ ಮಿತಿಮೀರಿದಾಗ ತಂತಿ ಕೊಸರಿಕೊಂಡು ಹಿಂದಕ್ಕೆ ಸಿಡಿಯುತ್ತದೆ. ಮತ್ತೆ ಕೂದಲು ಅದನ್ನು ಹಿಡಿಯುತ್ತದೆ. ಸೆಕೆಂಡಿಗೆ ನೂರಾರು ಬಾರಿ ನಡೆಯುವ ಈ ಹಿಡಿತ ಬಿಡಿತಗಳು ಸಮವಾಗಿದ್ದರೆ ನಾವು ಕೇಳುವುದು ಇಂಪಾದ ನಾದ; ಕೈಯ ಭಾರ ಹೆಚ್ಚಾಗಿ ವೇಗ ಕಡಿಮೆಯಾದರೆ ಕೀರಲು; ಭಾರವಿಲ್ಲದೆ ವೇಗವೊಂದೇ ಆದರೆ ಸಿಳ್ಳಿನಂತಹ ಟೊಳ್ಳು ದನಿ. ಕಮಾನು, ತಂತಿಗಳನ್ನು ಹೊತ್ತು ನಿಂತ ಕುದುರೆಗೆ ಸಮಾನಾಂತರವಾಗಿ ಚಲಿಸಬೇಕು, ಮಣಿಕಟ್ಟು ಬಾಗಬೇಕು, ಹೆಗಲು ಏಳಕೂಡದು. ಇದನ್ನೆಲ್ಲ ಮೊದಲ ತಿಂಗಳಿನಲ್ಲಿ ಕೂರಿಸದೆ ಹೋದರೆ ಆಮೇಲೆ ಹತ್ತು ವರ್ಷ ತಿದ್ದಿದರೂ ಹೋಗದ ಗಡಸು ಕೈಯಲ್ಲಿ ಉಳಿದುಬಿಡುತ್ತದೆ. ಬರೀ ತಂತಿಯ ಮೇಲೆ ಕಮಾನೆಳೆಸಲು ಧೈರ್ಯಮಾಡುವ ಗುರು, ತಂದೆತಾಯಂದಿರ ಅಸಮಾಧಾನಕ್ಕೂ ಅಂಜದವರೆಂದು ತಿಳಿಯಬೇಕು.

ವಾದ್ಯದ ಅಳತೆಯ ವಿಷಯದಲ್ಲಿಯೂ ಗುರುವಿನ ವಿವೇಕ ಪ್ರಕಟವಾಗುತ್ತದೆ. ಬೆಳೆಯುವ ಮಗುವಿಗೆ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿ ಹೊಲಿಸುವ ನಮ್ಮ ಮನೆಗಳ ಪದ್ಧತಿಯಂತೆ, ತಂಗಿ ಪೂರ್ಣ ಅಳತೆಯ ಪಿಟೀಲನ್ನೇ ಕೊಳ್ಳಲು ಹೊರಟಿದ್ದಳು. ಅಂಗಡಿಯವರೂ ಅದನ್ನೇ ಎತ್ತಿಕೊಟ್ಟಿದ್ದರು. ಟೀಚರ್ ಹುಡುಗಿಯ ತೋಳನ್ನು ಚಾಚಿಸಿ ಕತ್ತಿನ ಬುಡದಿಂದ ಅಂಗೈಯ ನಡುವಿನವರೆಗೆ ಟೇಪು ಹಿಡಿದು ನೋಡಿದರು. ಸುಮಾರು 23 ಇಂಚಿನಷ್ಟಾದರೂ ಇದ್ದರೆ ಪೂರ್ಣ ಅಳತೆಯದು ಹಿಡಿಸುತ್ತದೆ. ಅವಳದು ಇಪ್ಪತ್ತೊಂದನ್ನು ಸ್ವಲ್ಪ ದಾಟಿತ್ತು. ತಮ್ಮಲ್ಲಿದ್ದ ಮುಕ್ಕಾಲು ಅಳತೆಯ ಪಿಟೀಲೊಂದನ್ನು ಎರವಲಾಗಿ ಕೊಟ್ಟು, ಒಂದು ವರ್ಷ ಬಿಟ್ಟು ಕೊಳ್ಳುವಿರಂತೆ ಎಂದರು. ಹಿಡಿಸದ ವಾದ್ಯದಲ್ಲಿ ಕಿರುಬೆರಳು ತನ್ನ ಸ್ಥಾನಕ್ಕೆ ಎಟುಕದೆ ಹೋದಾಗ ಮಗು ಅದನ್ನು ತನ್ನ ಅಸಾಮರ್ಥ್ಯವೆಂದೇ ಭಾವಿಸಿಕೊಳ್ಳುತ್ತದೆ.

ಯಾವ ಸಂಪ್ರದಾಯವೆಂಬುದನ್ನು ಗುರುವನ್ನು ಹುಡುಕುವ ಮುನ್ನವೇ ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಕುಳಿತುಕೊಳ್ಳುವ ಭಂಗಿ, ತಂತಿಗಳನ್ನು ಕಟ್ಟುವ ಕ್ರಮ, ಎಡಗೈ ಜಾರುವ ರೀತಿ ಎಲ್ಲವೂ ಕರ್ನಾಟಕ ಪದ್ಧತಿಗೂ ಪಾಶ್ಚಾತ್ಯ ಪದ್ಧತಿಗೂ ಬೇರೆಬೇರೆ. ನಿಂತು, ಗಲ್ಲದ ಕೆಳಗೆ ವಾದ್ಯವನ್ನು ಹಿಡಿದು, ಲಿಪಿಯನ್ನು ನೋಡಿ, ಹತ್ತಾರು ಜನರೊಡನೆ ಕೂಡಿ ನುಡಿಸುವ ಸುಖವನ್ನು ಮಗು ಬಯಸಿದರೆ ಅದೂ ಘನವಾದ ದಾರಿಯೇ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಎರಡೂ ಸಂಗೀತಗಳಿಗೆ ಮನ್ನಣೆಯಿತ್ತು. ಸ್ವತಃ ಪ್ರಭುಗಳೇ ಪಿಟೀಲನ್ನು ನುಡಿಸುತ್ತಿದ್ದರು. ಆದರೆ ಆರಂಭದ ವರ್ಷಗಳಲ್ಲಿ ಎರಡನ್ನೂ ಒಟ್ಟಿಗೆ ಕಲಿಸುತ್ತೇವೆಂದು ಹೇಳುವವರ ವಿಷಯದಲ್ಲಿ ಜಾಗರೂಕತೆ ಬೇಕು.

ಪರೀಕ್ಷೆಗಳ ಬಗ್ಗೆ ಕೇಳುವವರುಂಟು. ನಮ್ಮ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಾಗಲಿ, ಪಾಶ್ಚಾತ್ಯ ಸಂಗೀತಕ್ಕೆ ಲಂಡನ್ನಿನ ಸಂಸ್ಥೆಗಳು ನಡೆಸುವ ಎಂಟು ಗ್ರೇಡುಗಳಾಗಲಿ, ಕಲಿತುದನ್ನು ಒಪ್ಪಗೊಳಿಸಿಕೊಳ್ಳಲು ಸಹಾಯಕವಾದುವೇ. ಗುರುವಿನ ಬಾಯಲ್ಲಿ ಪರೀಕ್ಷೆಯ ಮಾತು ಮೊದಲು ಬರುತ್ತದೆಯೋ ಶ್ರುತಿಯ ಮಾತು ಮೊದಲು ಬರುತ್ತದೆಯೋ ಎಂಬುದನ್ನು ಮಾತ್ರ ಗಮನಿಸಬೇಕು. ಸಂಭಾವನೆಯನ್ನೂ, ತಪ್ಪಿದ ಪಾಠದ ಕ್ರಮವನ್ನೂ ಮೊದಲ ದಿನವೇ ಸಂಕೋಚವಿಲ್ಲದೆ ಮಾತಾಡಿಕೊಳ್ಳುವುದು ಇಬ್ಬರಿಗೂ ಗೌರವ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆನು. ಮನೆಪಾಠವೆಂದರೆ ಮಗು ಪರರ ಮನೆಯ ಕೋಣೆಯೊಂದರಲ್ಲಿ ದೊಡ್ಡವರೊಬ್ಬರೊಡನೆ ಕುಳಿತಿರುವ ಸಂದರ್ಭ. ಬಾಗಿಲು ತೆರೆದಿರಬೇಕು, ತಂದೆತಾಯಿಗಳು ಬೇಕೆಂದಾಗ ಬಂದು ಕುಳಿತುಕೊಳ್ಳಲು ಅಡ್ಡಿಯಿರಬಾರದು. ಮಣಿಕಟ್ಟನ್ನು ತಿದ್ದುವಾಗ ಟೀಚರ್, "ಕೈ ಮುಟ್ಟಲಾ ಮಗೂ?" ಎಂದು ಕೇಳಿಯೇ ಮುಟ್ಟುತ್ತಿದ್ದುದನ್ನು ಕಂಡು ನನಗೆ ಅವರ ಮೇಲಿದ್ದ ಗೌರವ ಇಮ್ಮಡಿಯಾಯಿತು. ಪಾಠದಲ್ಲಿ ಕುಳಿತುಕೊಳ್ಳಬೇಡಿರೆಂದು ಕಟ್ಟುನಿಟ್ಟಾಗಿ ಹೇಳುವ ಕಡೆಗೆ, ಅವರ ವಿದ್ವತ್ತು ಎಷ್ಟೇ ಇರಲಿ, ಮಗುವನ್ನು ಕಳುಹಿಸಬಾರದು.

ಅಮೆರಿಕದಲ್ಲಿ ನೆಲೆಸಿರುವ ನನ್ನ ಮಿತ್ರರ ಮಕ್ಕಳು ಬೆಂಗಳೂರಿನ ಗುರುಗಳಿಂದ ಗಣಕಯಂತ್ರದ ಮೂಲಕ ಪಿಟೀಲು ಕಲಿಯುತ್ತಿದ್ದಾರೆ. ಹತ್ತಿರದಲ್ಲಿ ಬಲ್ಲವರಿಲ್ಲದ ಊರುಗಳಲ್ಲಿ ಇದು ಭಾಗ್ಯವೇ ಸರಿ. ಆದರೆ ದನಿ ಸಾಗಿಬರುವುದಕ್ಕೆ ತಗಲುವ ಅತ್ಯಲ್ಪ ವಿಳಂಬದಿಂದಾಗಿ ಗುರುಶಿಷ್ಯರು ಒಟ್ಟಿಗೆ ನುಡಿಸುವುದು ಅಲ್ಲಿ ಸಾಧ್ಯವಾಗುವುದಿಲ್ಲ. ಕಮಾನಿನ ಕೈ ಪರದೆಯಾಚೆಗೆ ಸರಿದಾಗ ಅದರ ತಪ್ಪೂ ಕಾಣುವುದಿಲ್ಲ. ಅಂಥವರು ರಜೆಯಲ್ಲಿ ಊರಿಗೆ ಬಂದಾಗ ಗುರುವಿನ ಎದುರು ಕುಳಿತು ಕೈಯನ್ನು ತಿದ್ದಿಸಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಅದು ಸರಿಯಾದ ನಡೆ.

ಮೂರು ತಿಂಗಳು ಕಳೆದ ಮೇಲೆ ತಂಗಿ ಮಗಳನ್ನು ಏನು ಕೇಳಿದಳೋ, ಅವಳು ಏನು ಹೇಳಿದಳೋ ನನಗೆ ತಿಳಿಯದು. ಪಾಠ ಮಾತ್ರ ನಿಲ್ಲಲಿಲ್ಲ. ಈ ವರ್ಷದ ಏಪ್ರಿಲ್ಲಿನಲ್ಲಿ ನಾನು ಅವರ ಮನೆಗೆ ಹೋಗಿದ್ದಾಗ, ಸಂಜೆ ಹುಡುಗಿ ವಿದ್ಯುತ್ ತಂಬೂರಿಯನ್ನು ಹಾಕಿಕೊಂಡು ನಡುಮನೆಯಲ್ಲಿ, ಬಾಗಿಲು ಕಿಟಕಿಗಳೆಲ್ಲ ತೆರೆದಿರುವಂತೆಯೇ, ಮಲಹರಿಯ ಪಿಳ್ಳಾರಿ ಗೀತೆಯೊಂದನ್ನು ನುಡಿಸುತ್ತಿದ್ದಳು. ಮುಂಗಾರಿಗೆ ಮುಂಚಿನ ಗುಡುಗು ಮಳೆ, ದೀಪ ಹೋಯಿತು, ತಂಬೂರಿ ನಿಂತಿತು. ಅವಳು ನಿಲ್ಲಿಸಲಿಲ್ಲ. ಕತ್ತಲೆಯಲ್ಲಿ ಕಮಾನು ಹೋಗಿ ಬರುತ್ತಿದ್ದ ಸದ್ದು, ಹೆಂಚಿನ ಮೇಲೆ ಮಳೆ ಬೀಳುವ ಸದ್ದು, ತಂಗಿ ಅಡಿಗೆಮನೆಯಲ್ಲಿ ಮೇಣದಬತ್ತಿಗೆ ತಡಕಾಡುವ ಸದ್ದು. ಗೀತೆಯನ್ನು ಎರಡು ಸಲ ಮುಗಿಸಿ ಮೂರನೆಯ ಸಲ ಎತ್ತಿಕೊಂಡಳು. ಅಷ್ಟರಲ್ಲಿ ದೀಪ ಬಂದಿತು, ತಂಬೂರಿ ತಾನಾಗಿಯೇ ಮತ್ತೆ ಮೊಳಗಿತು. ಅವಳ ಷಡ್ಜ ಅದರ ಷಡ್ಜದೊಳಗೇ ಇದ್ದಿತು. ಅವಳು ಅದನ್ನು ಗಮನಿಸಿದಂತೆ ತೋರಲಿಲ್ಲ. ರಾಳದ ಬಿಲ್ಲೆಯನ್ನು ಎತ್ತಿಕೊಂಡು ಕಮಾನಿಗೆ ಉಜ್ಜತೊಡಗಿದಳು.